ಸಾವಯವ ಹಾಲಿಗೆ ಜಾಸ್ತಿ ದುಡ್ಡು ಕೊಡುವ ಮುಂಚೆ ಕೊಟ್ಟಿಗೆಗೆ ಒಂದು ಸುತ್ತು ಹಾಕಿ

ದಾವಣಗೆರೆಯಲ್ಲಿ ಈಗ ಹಾಲು ಮೂರು ದಾರಿಯಲ್ಲಿ ಮನೆಗೆ ಬರುತ್ತದೆ. ಬೂತಿನ ಪ್ಯಾಕೆಟ್ ಹಾಲು ಒಂದು. ಬೈಕಿಗೆ ಕ್ಯಾನು ಕಟ್ಟಿಕೊಂಡು ಬಂದು ಬಾಗಿಲಲ್ಲಿ ಅಳೆದು ಕೊಡುವ ವರ್ತನೆ ಹಾಲು ಇನ್ನೊಂದು. ಮೂರನೆಯದು ಈಚೆಗೆ ಶುರುವಾದದ್ದು: ಗಾಜಿನ ಬಾಟಲಿ, ಮೇಲೆ ಹಸಿರು ಎಲೆಯ ಚಿತ್ರ, 'ಸಾವಯವ', 'ಎ2', 'ನಾಟಿ', 'ಫಾರ್ಮ್ ಫ್ರೆಶ್' ಅಂತ ಒಂದರ ಪಕ್ಕ ಒಂದು ಹೆಸರು, ಬೆಲೆ ಕೆಲವು ಕಡೆ ಪ್ಯಾಕೆಟ್ ಹಾಲಿನ ಎರಡರಷ್ಟು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೈ ತಾನಾಗಿಯೇ ಆ ಬಾಟಲಿ ಕಡೆ ಹೋಗುತ್ತದೆ. ಹೋಗಲಿ, ತಪ್ಪಿಲ್ಲ. ಆದರೆ ಆ ಜಾಸ್ತಿ ದುಡ್ಡಿಗೆ ಏನು ಸಿಗುತ್ತಿದೆ ಅಂತ ಗೊತ್ತಿರಬೇಕು ಅಲ್ವಾ?

ನನ್ನ ಪ್ರಕಾರ ಸಾವಯವ ಹಾಲಿಗೂ ಮಾಮೂಲಿ ಹಾಲಿಗೂ ಇರುವ ವ್ಯತ್ಯಾಸ ಲೋಟದಲ್ಲಿ ಕಾಣುವುದು ಕಡಿಮೆ, ಕೊಟ್ಟಿಗೆಯಲ್ಲಿ ಕಾಣುವುದು ಜಾಸ್ತಿ. ಹಾಗಾಗಿ ರುಚಿ ನೋಡಿ ತೀರ್ಮಾನ ಮಾಡಬೇಡಿ. ಹಸು ಏನು ತಿನ್ನುತ್ತದೆ, ಅದಕ್ಕೆ ಹುಷಾರು ತಪ್ಪಿದರೆ ಏನು ಮಾಡುತ್ತಾರೆ, ಹಿಂಡಿ ಎಲ್ಲಿ ಇಡುತ್ತಾರೆ ಅಂತ ಕೇಳಿ. ಏನು ಕೇಳಬೇಕು, ಯಾವ ಉತ್ತರಕ್ಕೆ ಏನು ಅರ್ಥ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

1. ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳಿ

ಸಾವಯವ ಅನ್ನುವುದು ಸಾಕುವ ವಿಧಾನದ ಹೆಸರು. ಮೇವು ಬೆಳೆದ ಹೊಲಕ್ಕೆ ಯೂರಿಯಾ, ಡಿಎಪಿಯಂಥ ರಾಸಾಯನಿಕ ಗೊಬ್ಬರ ಹಾಕಿರಬಾರದು. ರಾಸಾಯನಿಕ ಕೀಟನಾಶಕ, ಕಳೆನಾಶಕ ಹೊಡೆದಿರಬಾರದು. ಕುಲಾಂತರಿ ಬೀಜ, ಅಂದರೆ ವಂಶವಾಹಿ ಬದಲಿಸಿದ ಬೀಜ, ಬಿತ್ತಿರಬಾರದು. ಹಾಲು ಜಾಸ್ತಿ ಬರಲಿ ಅಂತ ಹಸುವಿಗೆ ಹಾರ್ಮೋನ್ ಕೊಡಬಾರದು, ರೋಗ ಬರದಿರಲಿ ಅಂತ ಸುಮ್ನೆ ಮುಂಚಿತವಾಗಿ ಆ್ಯಂಟಿಬಯಾಟಿಕ್ ಕೊಡಬಾರದು. ಹಸುವಿಗೆ ಓಡಾಡಲು ಜಾಗ ಇರಬೇಕು, ಹಗಲೂ ರಾತ್ರಿ ಗೂಟಕ್ಕೆ ಕಟ್ಟಿಹಾಕುವಂತಿಲ್ಲ. ಲಸಿಕೆಗೆ ಮಾತ್ರ ಅಡ್ಡಿ ಇಲ್ಲ. ಕಾಲುಬಾಯಿ ಜ್ವರಕ್ಕೋ ಚರ್ಮಗಂಟು ರೋಗಕ್ಕೋ ಲಸಿಕೆ ಹಾಕಿಸಿದರೆ ಸಾವಯವ ಕೆಡುವುದಿಲ್ಲ. 'ನಾವು ಸೂಜಿನೇ ಹಾಕಿಸಲ್ಲ' ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗಂತೂ ಆ ಹಸುವಿನ ಬಗ್ಗೆಯೇ ಭಯ ಆಗುತ್ತದೆ.

ಎ2 ಬೇರೆ ವಿಷಯ. ಅದು ಹಾಲಿನಲ್ಲಿರುವ ಬೀಟಾ ಕೇಸಿನ್ ಅನ್ನುವ ಪ್ರೋಟೀನಿನ ಒಂದು ಬಗೆ, ತಳಿಯಿಂದ ಬರುವಂಥದ್ದು. ನಮ್ಮ ದೇಸಿ ತಳಿಗಳ ಹಾಲು ಹೆಚ್ಚಾಗಿ ಎ2. ಎಮ್ಮೆ ಹಾಲೂ ಎ2, ಆದರೆ ಅದನ್ನು ಹೆಚ್ಚಿನವರು ಬಾಟಲಿ ಮೇಲೆ ಬರೆದುಕೊಳ್ಳುವುದಿಲ್ಲ ನೋಡಿ. 2024ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಪ್ಯಾಕೆಟ್ ಮೇಲಿನ ಎ2 ಹೆಸರು ತೆಗೆಯಿರಿ ಅಂತ ಹೇಳಿ, ಕೆಲವೇ ದಿನದಲ್ಲಿ ಆ ಸೂಚನೆಯನ್ನು ವಾಪಸ್ ಪಡೆಯಿತು. ಏನೇ ಇರಲಿ, ಎ2 ಹಾಲು ಕೊಡುವ ಹಸು ಔಷಧಿ ಹೊಡೆದ ಮೇವನ್ನೇ ತಿಂದಿರಬಹುದು.

ನಾಟಿ ಅನ್ನುವುದೂ ತಳಿಯ ಮಾತು. ಚಳ್ಳಕೆರೆ ಕಡೆ ಅಮೃತ್ ಮಹಲ್ ದನಗಳ ಕಾವಲು, ಅಂದರೆ ಹುಲ್ಲುಗಾವಲು ಇದೆ, ಹಾಗಾಗಿ ನಮ್ಮ ಜನಕ್ಕೆ ಆ ಹೆಸರಿನ ಮೇಲೆ ಅಭಿಮಾನ. ಆದರೆ ಅಮೃತ್ ಮಹಲ್, ಹಳ್ಳಿಕಾರ್ ಎರಡೂ ದುಡಿಮೆಗೆ ಹೆಸರಾದ ತಳಿಗಳು. ಕರು ಕುಡಿದು ಮಿಕ್ಕಿದ್ದೇ ಹಾಲು. ದಿನಾ ನೂರಾರು ಮನೆಗೆ ಈ ತಳಿಯ ಹಾಲು ಹಾಕುತ್ತೇವೆ ಅಂತ ಯಾರಾದರೂ ಹೇಳಿದರೆ, ಎಷ್ಟು ಹಸು ಇವೆ ಅಂತ ಒಂದು ಮಾತು ಕೇಳಿ.

ಇನ್ನು ಫಾರ್ಮ್ ಫ್ರೆಶ್. ಇದಕ್ಕೆ ಅರ್ಥವೇ ಇಲ್ಲ, ಮುಂದೆ ಹೋಗೋಣ.

2. ಬಾಟಲಿ ತಿರುಗಿಸಿ ಹಿಂದೆ ಓದಿ

ಸಾವಯವ ಅಂತ ಬರೆದು ಮಾರಲು ನಮ್ಮಲ್ಲಿ ಕಾನೂನು ಇದೆ. 2017ರಲ್ಲಿ ಸಾವಯವ ಆಹಾರಕ್ಕೆ ಅಂತಲೇ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿತು. ಪ್ರಮಾಣಪತ್ರಕ್ಕೆ ಎರಡು ದಾರಿ. ಒಂದು ಎನ್‌ಪಿಒಪಿ, 2001ರಿಂದ ನಡೆಯುತ್ತಿರುವ ರಾಷ್ಟ್ರೀಯ ಸಾವಯವ ಕಾರ್ಯಕ್ರಮ, ಇದರಲ್ಲಿ ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುತ್ತದೆ. ಇನ್ನೊಂದು ಪಿಜಿಎಸ್ ಇಂಡಿಯಾ, ಇದರಲ್ಲಿ ರೈತರ ಗುಂಪು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತ್ರಿ ಕೊಡುತ್ತಾರೆ.

ನೀವು ನೋಡಬೇಕಾದ್ದು 'ಜೈವಿಕ್ ಭಾರತ್' ಮುದ್ರೆ, ಜೊತೆಗೆ 'ಇಂಡಿಯಾ ಆರ್ಗ್ಯಾನಿಕ್' ಅಥವಾ 'ಪಿಜಿಎಸ್ ಇಂಡಿಯಾ ಆರ್ಗ್ಯಾನಿಕ್' ಗುರುತು. 'ಪಿಜಿಎಸ್ ಇಂಡಿಯಾ ಗ್ರೀನ್' ಅಂತ ಇದ್ದರೆ ಆ ಹೊಲ ಇನ್ನೂ ಸಾವಯವಕ್ಕೆ ಬದಲಾಗುತ್ತಿದೆ ಅಂತ ಅರ್ಥ. ಬರೀ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ತೋರಿಸಿ 'ಸರ್ಟಿಫೈಡ್ ರೀ' ಅಂದರೆ ನಂಬಬೇಡಿ. ಆ ನಂಬರ್ ಆಹಾರ ಮಾರುವ ಎಲ್ಲರಿಗೂ ಬೇಕು, ಬೆಣ್ಣೆ ದೋಸೆ ಹೋಟೆಲಿಗೂ ಬೇಕು.

ಹಾಗಂತ ಮುದ್ರೆ ಇಲ್ಲದವರೆಲ್ಲ ಮೋಸಗಾರರಲ್ಲ. ತಾನೇ ಬೆಳೆದು ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ರೈತನಿಗೆ, ವರ್ಷದ ವಹಿವಾಟು 12 ಲಕ್ಷ ರೂಪಾಯಿ ಒಳಗಿದ್ದರೆ, ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿದ್ದಾರೆ. ಅವರು ಜೈವಿಕ್ ಭಾರತ್ ಮುದ್ರೆ ಹಾಕಿಕೊಳ್ಳುವಂತಿಲ್ಲ, ಅಷ್ಟೇ. ದಾವಣಗೆರೆ, ಚಿತ್ರದುರ್ಗ ಸುತ್ತಮುತ್ತ ನಾಲ್ಕು ಹಸು ಇಟ್ಟುಕೊಂಡು ಹತ್ತು ಮನೆಗೆ ಹಾಲು ಹಾಕುವವರ ಹತ್ತಿರ ಕಾಗದ ಕೇಳಿ ಪ್ರಯೋಜನ ಇಲ್ಲ. ಅವರ ಹತ್ತಿರ ಕೇಳುವ ಪ್ರಶ್ನೆಗಳೇ ಬೇರೆ.

3. 'ಅಣ್ಣಾ, ಮೇವು ಎಲ್ಲಿಂದ ತರ್ತೀರಿ?'

ಪೂರ್ತಿ ವಿಷಯ ನಿಂತಿರುವುದು ಈ ಪ್ರಶ್ನೆಯ ಮೇಲೆ. ಸಂಜೆ ಹಾಲು ಕರೆಯುವ ಹೊತ್ತಿಗೆ ಹೋಗಿ. ಗೋದಲಿಯಲ್ಲಿ ಏನು ಬಿದ್ದಿದೆ ನೋಡಿ, ಆಮೇಲೆ ಕೇಳಿ.

ದಾವಣಗೆರೆ ಸುತ್ತ ಅದು ಮೆಕ್ಕೆಜೋಳದ ಸಪ್ಪೆ ಆಗಿರುತ್ತದೆ, ಭದ್ರಾ ನಾಲೆ ಕಡೆ ಆದರೆ ಭತ್ತದ ಹುಲ್ಲು. ಮೆಕ್ಕೆಜೋಳದ ಕಥೆ ನಿಮಗೆ ಗೊತ್ತೇ ಇದೆ. ಬಿತ್ತಿದ ಕೂಡಲೇ ಕಳೆಗೆ ಅಟ್ರಾಜಿನ್ ಹೊಡೆಯುತ್ತಾರೆ. 2018ರಲ್ಲಿ ಫಾಲ್ ಸೈನಿಕ ಹುಳು ಬಂತು, ದೇಶದಲ್ಲಿ ಮೊದಲು ಕಾಣಿಸಿದ್ದೇ ನಮ್ಮ ಕರ್ನಾಟಕದಲ್ಲಿ. ಅಲ್ಲಿಂದ ಸುಳಿಗೆ ಔಷಧಿ ಬೀಳದ ಮೆಕ್ಕೆಜೋಳ ಹುಡುಕುವುದು ಕಷ್ಟ. ಭತ್ತದ್ದೂ ಹೆಚ್ಚುಕಡಿಮೆ ಇದೇ ಕಥೆ. ಬೆಳೆ ಒಣಗುವ ಹೊತ್ತಿಗೆ ಔಷಧಿಯ ಅಂಶ ಬಹಳಷ್ಟು ಕಡಿಮೆಯಾಗಿರುತ್ತದೆ, ಹಸುವಿನ ಹೊಟ್ಟೆ ದಾಟಿ ಹಾಲಿಗೆ ಬರುವುದು ಇನ್ನೂ ಕಡಿಮೆ, ಹಾಗಾಗಿ ಗಾಬರಿ ಬೇಡ. ಆದರೆ ಇದನ್ನು ಸಾವಯವ ಅಂತ ಕರೆಯಲು ಬರುವುದಿಲ್ಲ. ಯಾಕೆಂದರೆ ಮಾಮೂಲಿ ಹೊಲ ಸಾವಯವ ಅನ್ನಿಸಿಕೊಳ್ಳಲು, ವರ್ಷಕ್ಕೊಮ್ಮೆ ಬಿತ್ತುವ ಬೆಳೆಗಳಿಗೆ, ಎರಡು ವರ್ಷ ರಾಸಾಯನಿಕ ಬಿಟ್ಟಿರಬೇಕು. 'ಹೋದ ತಿಂಗಳಿಂದ ಸಾವಯವ ಶುರು ಮಾಡಿದ್ದೀವಿ' ಅನ್ನುವ ಮಾತಿಗೆ ಏನು ಬೆಲೆ ಅಂತ ನೀವೇ ಲೆಕ್ಕ ಹಾಕಿ.

ಒಳ್ಳೆಯ ಉತ್ತರ ಹೀಗಿರುತ್ತದೆ: 'ಅರ್ಧ ಎಕರೆ ನೇಪಿಯರ್ ಹುಲ್ಲು ಹಾಕಿದ್ದೀನಿ, ಬದುವಿನ ಹುಲ್ಲು ಕೊಯ್ಕೊಂಡ್ ಬರ್ತೀವಿ, ಗೊಬ್ಬರ ನಮ್ಮ ತಿಪ್ಪೆದೇ, ಬೇಸಿಗೇಲಿ ಮಾತ್ರ ಹೊರಗಿಂದ ಹುಲ್ಲು ತರ್ತೀನಿ.' ಆ 'ಬೇಸಿಗೇಲಿ ಮಾತ್ರ' ಅನ್ನುವುದು ನಿಜ ಹೇಳುವವರ ಗುರುತು. ಚಿತ್ರದುರ್ಗ, ಮೊಳಕಾಲ್ಮೂರಿನಂಥ ಒಣ ಸೀಮೆಯಲ್ಲಿ ಏಪ್ರಿಲ್ ತಿಂಗಳಲ್ಲೂ ನಮ್ಮದು ಪೂರ್ತಿ ಸ್ವಂತ ಹಸಿರು ಮೇವು ಅಂತ ಯಾರಾದರೂ ಹೇಳಿದರೆ, ಬೋರ್‌ವೆಲ್ ಎಲ್ಲಿದೆ ಅಂತ ತೋರಿಸಲು ಹೇಳಿ.

ಹತ್ತಿ ಹಿಂಡಿ ಹಾಕುತ್ತಾರಾ ಅಂತಲೂ ಕೇಳಿ. ನಮ್ಮ ದೇಶದಲ್ಲಿ 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು, ಈಗ ಬೆಳೆಯುವ ಹತ್ತಿಯಲ್ಲಿ ಬಹುಪಾಲು ಅದೇ. ಅಂದಮೇಲೆ ಅಂಗಡಿಯ ಹತ್ತಿ ಹಿಂಡಿ, ಹತ್ತಿ ಕಾಳು ಕುಲಾಂತರಿ ಬೆಳೆಯಿಂದ ಬಂದದ್ದು ಅಂತಲೇ ಇಟ್ಟುಕೊಳ್ಳಿ. ಹಾಲಿಗೆ ಇದರಿಂದ ತೊಂದರೆ ಅಂತ ನಾನು ಹೇಳುತ್ತಿಲ್ಲ. ಸಾವಯವದ ಬೆಲೆ ಕೊಡುತ್ತಿದ್ದೀರಿ ಅಂದಮೇಲೆ ಸಾವಯವದ ನಿಯಮ ಕೇಳುವ ಹಕ್ಕು ನಿಮಗಿದೆ, ಅಷ್ಟೇ. ಒಣ ಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿ ಮುಚ್ಚಿಟ್ಟು ಹಾಕುವ ಪದ್ಧತಿಯೂ ಹೀಗೆಯೇ. ಮಾಮೂಲಿ ಹೈನುಗಾರಿಕೆಯಲ್ಲಿ ಅದು ಸರಿಯಾದ ಪದ್ಧತಿ, ಪಶುವೈದ್ಯರೇ ಹೇಳಿಕೊಡುತ್ತಾರೆ. ಸಾವಯವದಲ್ಲಿ ನಡೆಯುವುದಿಲ್ಲ. ಹಾಲಿಗೆ ಯೂರಿಯಾ ಬೆರೆಸುವ ಕಲಬೆರಕೆಗೂ ಇದಕ್ಕೂ ಸಂಬಂಧ ಇಲ್ಲ, ಎರಡನ್ನೂ ಕಲಸಿಕೊಂಡು ರೈತನ ಮೇಲೆ ರೇಗಬೇಡಿ.

4. ಹಿಂಡಿ ಚೀಲದೊಳಗೆ ಕೈ ಹಾಕಿ

ಇದನ್ನು ಯಾರೂ ಮಾಡುವುದಿಲ್ಲ. ನನ್ನ ಕೇಳಿದರೆ ಸಾವಯವ ಹೌದೋ ಅಲ್ಲವೋ ಅನ್ನುವುದಕ್ಕಿಂತ ಇದು ಮುಖ್ಯ.

ಶೇಂಗಾ ಹಿಂಡಿ, ಹತ್ತಿ ಹಿಂಡಿ, ಮೆಕ್ಕೆಜೋಳದ ನುಚ್ಚು, ಇವು ತೇವ ಹಿಡಿದರೆ ಬೂಸ್ಟು ಬರುತ್ತದೆ. ಒಂದು ಜಾತಿಯ ಬೂಸ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಹಸು ಅದನ್ನು ತಿಂದರೆ ಒಂದು ದಿನದೊಳಗೆ ಅದರ ಒಂದು ರೂಪ, ಅಫ್ಲಾಟಾಕ್ಸಿನ್ ಎಂ1, ಹಾಲಿಗೆ ಇಳಿಯಲು ಶುರು. ಕಾಯಿಸಿದರೆ ಹೋಗುವುದಿಲ್ಲ. ಹೆಪ್ಪು ಹಾಕಿದರೂ ಹೋಗುವುದಿಲ್ಲ. ಕಾನೂನಿನ ಮಿತಿ ಒಂದು ಕೆಜಿ ಹಾಲಿಗೆ 0.5 ಮೈಕ್ರೋಗ್ರಾಂ. 2018ರಲ್ಲಿ ಎಫ್‌ಎಸ್‌ಎಸ್‌ಎಐ ದೇಶದುದ್ದಕ್ಕೂ 6,432 ಹಾಲಿನ ಮಾದರಿ ತೆಗೆದು ನೋಡಿದಾಗ ಕಲಬೆರಕೆಯಿಂದ ಅಪಾಯಕಾರಿ ಅನ್ನಿಸಿದ್ದು ಬರೀ 12. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 5.7 ಶೇಕಡಾ. ನಾವು ಹೆದರುವುದು ಒಂದಕ್ಕೆ, ಹೆದರಬೇಕಾದ್ದು ಇನ್ನೊಂದಕ್ಕೆ.

ಸಾವಯವ ಮುದ್ರೆ ಇದನ್ನು ತಡೆಯುವುದಿಲ್ಲ, ಇದು ಗೊತ್ತಿರಲಿ. ಬೂಸ್ಟಿಗೆ ಯೂರಿಯಾ ಹಾಕಿದ ಶೇಂಗಾ, ಸಗಣಿ ಗೊಬ್ಬರ ಹಾಕಿದ ಶೇಂಗಾ ಅಂತ ಭೇದ ಇಲ್ಲ. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕೀಳುವ ಹೊತ್ತಿಗೆ ಮಳೆ ಹಿಡಿದರೆ, ಇಲ್ಲವೇ ನಮ್ಮ ಕಡೆ ರಸ್ತೆ ಮೇಲೆ ಒಣಗಲು ಹರವಿದ ಮೆಕ್ಕೆಜೋಳ ನೆನೆದರೆ, ಕೆಟ್ಟ ಕಾಳು ಎಲ್ಲೂ ಹೋಗುವುದಿಲ್ಲ. ಜನ ತಿನ್ನಲ್ಲ ಅಂದಿದ್ದು ದನಕ್ಕೆ ಹೋಗುತ್ತದೆ.

ಹಾಗಾಗಿ ಕೊಟ್ಟಿಗೆಗೆ ಹೋದಾಗ, ಯಜಮಾನರಿಗೆ ಬೇಜಾರಾಗದ ಹಾಗೆ, 'ಹಿಂಡಿ ಯಾವುದು ಹಾಕ್ತೀರಿ, ನೋಡಬಹುದಾ?' ಅಂತ ಕೇಳಿ. ಚೀಲ ನೆಲದ ಮೇಲೆ, ಗೋಡೆಗೆ ಒರಗಿ ಇದೆಯಾ, ಹಲಗೆ ಮೇಲಿದೆಯಾ ನೋಡಿ. ನೆಲಕ್ಕೆ ತಾಗಿದ ಚೀಲದ ಕೆಳಗಿನ ಮೂಲೆಯೇ ಮೊದಲು ಕೆಡುವುದು. ಅಲ್ಲಿಂದ ಒಂದು ಹಿಡಿ ತೆಗೆಯಿರಿ. ಒಣಗಿದ ಹಿಂಡಿ ಕೈಯಲ್ಲಿ ಗರಗರ ಅನ್ನುತ್ತದೆ, ಎಣ್ಣೆ ವಾಸನೆ ಬರುತ್ತದೆ. ಗಂಟು ಕಟ್ಟಿದ್ದರೆ, ಮುರಿದಾಗ ಒಳಗೆ ಹಸಿರು ಅಥವಾ ಬೂದು ಪುಡಿ ಕಂಡರೆ, ಮುಗ್ಗಲು ವಾಸನೆ ಹೊಡೆದರೆ ಆ ಮನೆಯ ಹಾಲು ಬೇಡ. ಅವರು ಎಷ್ಟೇ ಒಳ್ಳೆಯವರಾಗಿರಲಿ. ಕಣ್ಣಿಗೆ ಕಾಣದೆಯೂ ವಿಷ ಇರಬಹುದು, ಹಾಗಾಗಿ ಇದು ಪೂರ್ತಿ ಖಾತ್ರಿಯಲ್ಲ. ಆದರೆ ಚೀಲ ಹಲಗೆ ಮೇಲಿಟ್ಟು ವಾರಕ್ಕಾಗುವಷ್ಟೇ ತರುವ ಮನೆಯವರು ಉಳಿದದ್ದನ್ನೂ ಹೆಚ್ಚಾಗಿ ಸರಿಯಾಗಿಯೇ ಮಾಡುತ್ತಿರುತ್ತಾರೆ.

5. ಕೆಚ್ಚಲು ಬಾವು ಬಂದರೆ ಏನು ಮಾಡುತ್ತೀರಿ ಅಂತ ಕೇಳಿ

ಕರೆಯುವ ಹಸುವಿಗೆ ಕೆಚ್ಚಲು ಬಾವು ಬಾರದೆ ಇರುವುದಿಲ್ಲ. ಬಂದಾಗ ಆ್ಯಂಟಿಬಯಾಟಿಕ್ ಕೊಡಲೇಬೇಕಾದ ಸಂದರ್ಭವೂ ಇರುತ್ತದೆ. ಕೊಟ್ಟ ಮೇಲೆ ಇಷ್ಟು ದಿನ ಹಾಲು ಮಾರಬಾರದು ಅಂತ ಔಷಧಿಯ ಚೀಟಿಯಲ್ಲೇ ಬರೆದಿರುತ್ತದೆ, ಕೆಲವಕ್ಕೆ ಮೂರು ನಾಲ್ಕು ದಿನ, ಕೆಲವಕ್ಕೆ ಇನ್ನೂ ಜಾಸ್ತಿ. ಮಾಮೂಲಿ ಹಾಲಿಗೂ ಈ ನಿಯಮ ಇದೆ. ಯುರೋಪಿನಲ್ಲಿ ಸಾವಯವ ಹಸುವಾದರೆ ಆ ಅವಧಿಯ ಎರಡರಷ್ಟು ಕಾಯಬೇಕು. ಅಮೆರಿಕದಲ್ಲಿ ಒಮ್ಮೆ ಆ್ಯಂಟಿಬಯಾಟಿಕ್ ಬಿದ್ದ ಹಸು ಸಾವಯವ ಹಿಂಡಿನಿಂದಲೇ ಹೊರಗೆ.

ಇಲ್ಲಿನ ತೊಂದರೆ ನಿಯಮದ್ದಲ್ಲ, ಹೊಟ್ಟೆಪಾಡಿನದು. ದಿನಕ್ಕೆ ಹತ್ತು ಲೀಟರ್ ಕೊಡುವ ಹಸುವಿನ ಹಾಲನ್ನು ನಾಲ್ಕು ದಿನ ಚೆಲ್ಲು ಅಂದರೆ ಯಾರ ಕೈ ಬರುತ್ತದೆ ಹೇಳಿ. ವರ್ತನೆ ಹಾಲಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಮಗೆ ಸಿಗುವ ನಂದಿನಿ ಪ್ಯಾಕೆಟ್ ಶಿಮುಲ್‌ನದು, ಅಂದರೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಯ ಹಳ್ಳಿ ಹಳ್ಳಿಯ ಡೈರಿಗಳಿಂದ ಕೂಡಿ ಬಂದ ಹಾಲು. ಒಂದು ಮನೆಯಲ್ಲಿ ತಪ್ಪಾದರೆ ಅದು ಸಾವಿರಾರು ಲೀಟರ್‌ನಲ್ಲಿ ತೆಳುವಾಗುತ್ತದೆ. ಎರಡೇ ಹಸುವಿರುವ ಮನೆಯ ಹಾಲಿನಲ್ಲಿ ಹಾಗಲ್ಲ, ಅವತ್ತಿನ ಔಷಧಿ ನೇರ ನಿಮ್ಮ ಲೋಟಕ್ಕೆ. ಗೊತ್ತಿರುವ ಮನೆ ಅನ್ನುವ ಧೈರ್ಯ ಎಷ್ಟು ದೊಡ್ಡದೋ ಈ ಅಪಾಯವೂ ಅಷ್ಟೇ ದೊಡ್ಡದು.

ಇದಕ್ಕೆ ಒಂದು ದಾರಿ ಇದೆ. ಮೊದಲೇ ಮಾತಾಡಿಕೊಳ್ಳಿ: 'ಅಣ್ಣಾ, ಹಸುವಿಗೆ ಔಷಧಿ ಕೊಟ್ಟಾಗ ನಮಗೆ ಹೇಳಿ, ಆ ದಿನಗಳ ಹಾಲು ಬೇಡ, ಅದರ ದುಡ್ಡು ಮಾತ್ರ ಲೆಕ್ಕಕ್ಕೆ ಹಿಡೀಬೇಡಿ.' ನಾಲ್ಕು ಮನೆಯವರು ಸೇರಿ ಹೀಗೆ ಹೇಳಿದರೆ ಅವರಿಗೂ ನಿಜ ಹೇಳುವುದು ಸುಲಭ. ಹಸುವಿನ ಮೈಗೆ ಹತ್ತುವ ಉಣ್ಣೆ ಹುಳಕ್ಕೆ ಏನು ಮಾಡುತ್ತಾರೆ ಅಂತಲೂ ಅದೇ ಮಾತಿನಲ್ಲಿ ಕೇಳಿಬಿಡಿ. ಉಣ್ಣೆಗೆ ಹಾಕುವ ಐವರ್‌ಮೆಕ್ಟಿನ್ ಸೂಜಿ ಹಾಲು ಕೊಡುವ ಹಸುವಿಗಲ್ಲ, ಅದರ ಅಂಶ ವಾರಗಟ್ಟಲೆ ಹಾಲಿನಲ್ಲಿ ಬರುತ್ತದೆ.

ಹಾರ್ಮೋನ್ ವಿಷಯದಲ್ಲಿ ಇಂಟರ್‌ನೆಟ್ ಓದಿ ತಲೆ ಕೆಡಿಸಿಕೊಂಡವರು ಜಾಸ್ತಿ. ಅಲ್ಲಿ ಬರುವ ಆರ್‌ಬಿಎಸ್‌ಟಿ, ಅಂದರೆ ಹಾಲು ಹೆಚ್ಚಿಸಲು ಹಸುವಿಗೆ ಕೊಡುವ ಹಾರ್ಮೋನ್, ಅದರ ಚರ್ಚೆ ಅಮೆರಿಕದ್ದು. 1993ರಲ್ಲಿ ಅಲ್ಲಿ ಅನುಮತಿ ಕೊಟ್ಟರು, ಕೆನಡಾ, ಯುರೋಪ್ ಬೇಡ ಅಂದವು. ನಮ್ಮಲ್ಲಿ ಕಾಡುವುದು ಆಕ್ಸಿಟೋಸಿನ್, ಕರು ಸತ್ತಾಗ ಹಾಲು ಇಳಿಯಲಿ ಅಂತ ಕದ್ದು ಹಾಕುವ ಸೂಜಿ. ಹಾಗೆ ಹಾಕುವುದು ಪ್ರಾಣಿ ಹಿಂಸೆ ಕಾಯ್ದೆಯಲ್ಲಿ ಅಪರಾಧ. ಕೊಟ್ಟಿಗೆಯಲ್ಲಿ ಕರು ಇದೆಯಾ, ಅದಕ್ಕೆ ಮೈ ಇದೆಯಾ ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

6. ಪೌಷ್ಟಿಕಾಂಶಕ್ಕಾಗಿ ಕೊಳ್ಳುತ್ತಿದ್ದರೆ

ಪ್ರೋಟೀನ್, ಕ್ಯಾಲ್ಸಿಯಂ, ಸಕ್ಕರೆ ಅಂಶ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. 2016ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರ ಮುಂದಾಳತ್ವದಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಸಾವಯವ ಹಾಲಿನಲ್ಲಿ ಒಮೆಗಾ-3 ಸುಮಾರು 56 ಶೇಕಡಾ ಜಾಸ್ತಿ ಕಂಡಿತು, ಅಯೋಡಿನ್ ಮಾತ್ರ ಕಡಿಮೆ. ಕಾರಣ ಹಸಿರು ಹುಲ್ಲು ಮೇಯುವುದು. ಅಂದರೆ ಬದುವಿನಲ್ಲಿ ಮೇಯುವ ನಮ್ಮ ಊರಿನ ಮಾಮೂಲಿ ಆಕಳಿಗೂ ಆ ಲಾಭದಲ್ಲಿ ಪಾಲು ಇರಬಹುದು. ಮೇಲಾಗಿ ಹಾಲಿನಲ್ಲಿ ಒಮೆಗಾ-3 ಇರುವುದೇ ಅಲ್ಪ. ಅದಕ್ಕೆ ಅಂತ ದುಡ್ಡು ಹಾಕುವುದಾದರೆ ರೊಟ್ಟಿ ಜೊತೆ ಒಂದು ಚಮಚ ಅಗಸೆ ಚಟ್ನಿ ಪುಡಿ ಸಾಕು.

ಮಕ್ಕಳಿಗೆ ಹಾಲು 'ಗಟ್ಟಿ' ಬೇಕು ಅನ್ನುವುದು ಇನ್ನೊಂದು. ಗಟ್ಟಿತನಕ್ಕೂ ಸಾವಯವಕ್ಕೂ ಸಂಬಂಧ ಇಲ್ಲ, ಅದು ಕೊಬ್ಬಿನ ಲೆಕ್ಕ. ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಶೇಕಡಾ, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5, ಫುಲ್ ಕ್ರೀಮ್‌ನಲ್ಲಿ 6. ಪ್ಯಾಕೆಟ್ ಮೇಲೆ ಓದಿ ಕೊಳ್ಳಿ. ಹೋಮೋಜಿನೈಸ್ಡ್ ಹಾಲಿನಲ್ಲಿ ದಪ್ಪ ಕೆನೆ ಕಟ್ಟುವುದಿಲ್ಲ, ಕೊಬ್ಬಿನ ಕಣ ಒಡೆದು ಹರಡಿರುತ್ತಾರೆ. ಕೆನೆ ಬರಲಿಲ್ಲ ಅಂತ 'ಕೆಮಿಕಲ್ ಹಾಲು' ಅನ್ನಬೇಡಿ. ತಿಂಗಳುಗಟ್ಟಲೆ ಕೆಡದ ಸಾವಯವ ಹಾಲಿನ ಡಬ್ಬಿ ಕಂಡರೆ ಅದು ಸಾವಯವದ ಮಹಿಮೆ ಅಲ್ಲ, 135 ಡಿಗ್ರಿಗಿಂತ ಮೇಲೆ ಕೆಲವು ಸೆಕೆಂಡ್ ಕಾಯಿಸಿ ಮುಚ್ಚಿದ್ದರ ಫಲ. ಸಾವಯವ ಅಲ್ಲದ ನಂದಿನಿ ಗುಡ್‌ಲೈಫ್ ಕೂಡ ಅದೇ ಥರದ ಹಾಲು.

7. ಅಡುಗೆಮನೆಯ ಪರೀಕ್ಷೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ

ಓರೆಯಾಗಿ ಹಿಡಿದ ಸ್ಟೀಲ್ ತಟ್ಟೆ ಮೇಲೆ ಒಂದು ಹನಿ ಬಿಡಿ. ಒಳ್ಳೆಯ ಹಾಲು ನಿಧಾನವಾಗಿ ಜಾರಿ ಹಿಂದೆ ಬಿಳಿ ಗೆರೆ ಬಿಡುತ್ತದೆ, ನೀರು ಬೆರೆತದ್ದು ಗೆರೆ ಇಲ್ಲದೆ ಓಡುತ್ತದೆ. ಕಾಯಿಸಿ ಆರಿಸಿದ ಹಾಲಿಗೆ ಎರಡು ಹನಿ ಟಿಂಚರ್ ಅಯೋಡಿನ್ ಹಾಕಿದಾಗ ನೀಲಿ ಬಂದರೆ ಗಂಜಿ ಸೇರಿದೆ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ನೀರು ಬೆರೆಸಿದ್ದನ್ನು ಹಿಡಿಯಲು ಸರಿ, ಆದರೆ ಸಕ್ಕರೆ ಬೆರೆಸಿ ಅದನ್ನು ಏಮಾರಿಸಬಹುದು. ಇವೆಲ್ಲ ಕಲಬೆರಕೆ ಹಿಡಿಯುವ ದಾರಿಗಳು. ಸಾವಯವ ಹೌದೋ ಅಲ್ಲವೋ ಅಂತ ಹೇಳುವ ಪರೀಕ್ಷೆ ಮನೆಯಲ್ಲಿ ಇಲ್ಲವೇ ಇಲ್ಲ.

ಒಂದು ಸುಳಿವು ಮಾತ್ರ ಉಪಯೋಗಕ್ಕೆ ಬರುತ್ತದೆ. ಹಾಲಿನಲ್ಲಿ ಆ್ಯಂಟಿಬಯಾಟಿಕ್ ಇದ್ದರೆ ಹೆಪ್ಪಿನ ಜೀವಾಣುಗಳಿಗೂ ಅದೇ ಗತಿ. ದಿನಾ ಸರಿಯಾಗಿ ಮೊಸರಾಗುವ ಹಾಲು ಒಂದು ದಿನ ಬೆಳಗಾದರೂ ನೀರು ನೀರಾಗಿ ಕೂತಿದ್ದರೆ, ಅವತ್ತೇ ಪ್ಯಾಕೆಟ್ ಹಾಲಿಗೆ ಅದೇ ಹೆಪ್ಪು ಹಾಕಿ ಪಕ್ಕದಲ್ಲಿಟ್ಟು ನೋಡಿ. ಅದು ಗಟ್ಟಿಯಾಗಿ ಇದು ಆಗಲಿಲ್ಲ ಅಂದರೆ ಹಾಲಿನವರಿಗೆ ಫೋನ್ ಮಾಡಿ ಕೇಳಿ. ಚಳಿಗೂ ಹೀಗಾಗುತ್ತದೆ, ಹಾಗಾಗಿ ಮೊದಲೇ ಜಗಳ ತೆಗೆಯಬೇಡಿ.

8. ಯಾವುದೇ ಹಾಲಿರಲಿ, ಕಾಯಿಸಿ

ಬಾಟಲಿ ಹಾಲು ಕೆಲವರು ಹಸಿಯಾಗಿಯೇ ಮಾರುತ್ತಾರೆ, 'ಕಾಯಿಸಿದರೆ ಸತ್ವ ಹೋಗುತ್ತದೆ' ಅಂತಲೂ ಹೇಳುತ್ತಾರೆ. ಕೇಳಬೇಡಿ. ಬ್ರುಸೆಲ್ಲಾ, ಕ್ಷಯದಂಥ ರೋಗಾಣು ಸಾವಯವ ಹಸುವಿನ ಹಾಲಿನಲ್ಲೂ ಬರಬಹುದು. ಉಕ್ಕು ಬಂದ ಮೇಲೆ ಉರಿ ಸಣ್ಣ ಮಾಡಿ, ಕೈಯಾಡಿಸುತ್ತಾ ಒಂದೆರಡು ನಿಮಿಷ ಬಿಡಿ. ಬೇಸಿಗೆಯಲ್ಲಿ ಹಸಿ ಹಾಲನ್ನು ಹೊರಗೆ ಇಟ್ಟುಕೊಂಡು ಕಾಯಬೇಡಿ, ಬಂದ ತಕ್ಷಣ ಒಲೆ ಮೇಲೆ ಇಡಿ.

ಇನ್ನು ಕೊಳ್ಳುವ ಮಾತು. ಜೈವಿಕ್ ಭಾರತ್ ಮುದ್ರೆಯ ಹಾಲು ಸಿಕ್ಕಿ, ಕೈಯಲ್ಲಿ ದುಡ್ಡೂ ಇದ್ದರೆ ಧಾರಾಳವಾಗಿ ತೆಗೆದುಕೊಳ್ಳಿ. ಮಣ್ಣಿಗೆ, ಹಸುವಿಗೆ ಒಳ್ಳೆಯದು. ಮುದ್ರೆ ಇಲ್ಲದ, ಆದರೆ ಕೊಟ್ಟಿಗೆ ಚೊಕ್ಕವಾಗಿರುವ, ಕೇಳಿದ್ದಕ್ಕೆ ಮುಚ್ಚುಮರೆ ಇಲ್ಲದೆ ಉತ್ತರ ಕೊಡುವ ಮನೆ ಸಿಕ್ಕರೆ ನಾನು ಅದನ್ನೇ ಮೊದಲು ಆರಿಸುತ್ತೇನೆ. ಎರಡೂ ಸಿಗದಿದ್ದರೆ ಪ್ಯಾಕೆಟ್ ಹಾಲು ಕುಡಿಯಿರಿ, ಅದರಲ್ಲಿ ಕೀಳರಿಮೆ ಏನೂ ಬೇಡ. ಮುದ್ರೆಯೂ ಇಲ್ಲದ, ಕೊಟ್ಟಿಗೆಯನ್ನೂ ತೋರಿಸದ, ಹೆಸರು ಮಾತ್ರ ನಾಲ್ಕು ಇರುವ ದುಬಾರಿ ಬಾಟಲಿಯನ್ನು ಮಾತ್ರ ಬಿಟ್ಟುಬಿಡಿ.

ಹೊಸಬರ ಹತ್ತಿರ ಶುರು ಮಾಡುವಾಗ ತಿಂಗಳ ದುಡ್ಡು ಮುಂಗಡ ಕೊಡಬೇಡಿ. ಹದಿನೈದು ದಿನ ಅರ್ಧ ಲೀಟರ್ ಹಾಕಿಸಿಕೊಳ್ಳಿ, ಮಧ್ಯೆ ಒಂದು ಸಂಜೆ ಹೇಳದೆ ಹೋಗಿ ಬನ್ನಿ. ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಹೋಗಿ, ಹಿಂಡಿ ಕೆಡುವುದು ಆಗಲೇ ಜಾಸ್ತಿ.